ಹಾಟ್‌ಸ್ವಾಪ್ ಕೀಬೋರ್ಡ್ ಅಂತ ದುಡ್ಡು ಕೊಡೋ ಮುಂಚೆ ಸೀಲ್ ಬಾಕ್ಸಿನ ಪೀಸಿನಿಂದಲೇ ಒಂದು ಸ್ವಿಚ್ ಕಿತ್ತು ನೋಡಿ

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ 3,000 ರೂಪಾಯಿ ಆಸುಪಾಸಿನ ಮೆಕ್ಯಾನಿಕಲ್ ಕೀಬೋರ್ಡ್ (ಪ್ರತಿ ಕೀಗೂ ಬೇರೆ ಸ್ವಿಚ್ ಇರೋದು) ಹುಡುಕುತ್ತಿರುವವರು ಇದನ್ನು ಓದಿಕೊಂಡು ಹೋಗಿ. ಹಾಟ್‌ಸ್ವಾಪ್ ಅಂದರೆ ಕೀಕ್ಯಾಪಿನ (ಮೇಲಿನ ಪ್ಲಾಸ್ಟಿಕ್ ಟೋಪಿ) ಕೆಳಗಿನ ಸ್ವಿಚ್ಚನ್ನು ಸೋಲ್ಡರಿಂಗ್ (ಬೆಸುಗೆ) ಇಲ್ಲದೆ ಕಿತ್ತು ಬದಲಿಸಬಹುದಾದ ಕೀಬೋರ್ಡ್. ಡೆಮೊಗೆ ಇಟ್ಟ ಪೀಸ್ ಬೇರೆ, ಕಟ್ಟಿ ಕೊಡುವ ಪೀಸ್ ಬೇರೆ. ಬಣ್ಣ ಅದೇ, ಮಾಡೆಲ್ ಹೆಸರು ಅದೇ, ಬಾಕ್ಸಿನ ಮೇಲಿನ ಚಿತ್ರವೂ ಅದೇ. ಒಳಗಿನ ಸರ್ಕ್ಯೂಟ್ ಬೋರ್ಡ್ ಮಾತ್ರ ಬೇರೆ. ಅಂಗಡಿ ಹೆಸರು ಹಾಕುತ್ತಿಲ್ಲ. ಈ ಆಟ ಆಡೋದು ಅದೊಂದೇ ಅಂಗಡಿ ಅಂತ ನನಗೆ ಅನ್ನಿಸುತ್ತಲೂ ಇಲ್ಲ.

ಕೌಂಟರ್ ಮೇಲಿದ್ದ ಪೀಸಿಗೆ ಅಂಗಡಿ ಹುಡುಗ ತಾನೇ ಪುಲ್ಲರ್ ಹಾಕಿ ಒಂದು ಸ್ವಿಚ್ ಕಿತ್ತು ತೋರಿಸಿದ. ಟಕ್ಕಂತ ಬಂತು. ತಿರುಗಿ ಒತ್ತಿದ, ಕೂತಿತು. "ಪಕ್ಕಾ ಹಾಟ್‌ಸ್ವಾಪ್ ಸಾರ್, ಕಣ್ಣಾರೆ ನೋಡಿದ್ರಲ್ಲ." ಆಮೇಲೆ ಒಳಗಿನಿಂದ ಸೀಲ್ ಬಾಕ್ಸ್ ತಂದು ಕವರಿಗೆ ಹಾಕುತ್ತಾ ಹೇಳಿದ ಮಾತು: "ಇಲ್ಲಿ ಓಪನ್ ಮಾಡ್ಬೇಡಿ ಸಾರ್, ಸೀಲ್ ಹೋದ್ರೆ ರಿಟರ್ನ್ ಇರಲ್ಲ." ಇಡೀ ಮೋಸ ಇರೋದೇ ಈ ಮಾತಿನಲ್ಲಿ. ಸೀಲ್ ತೆಗೆಯದೆ ಒಳಗೇನಿದೆ ಅಂತ ಗೊತ್ತಾಗಲ್ಲ, ತೆಗೆದರೆ ವಾಪಸ್ ತಗೊಳ್ಳಲ್ಲ.

ಬಾಕ್ಸ್ ತೆರೆದ ಕೂಡಲೇ ಗುಮಾನಿ ಬಂದದ್ದು ಪುಲ್ಲರ್ ನೋಡಿ. ಹಾಟ್‌ಸ್ವಾಪ್ ಬೋರ್ಡಿನ ಜತೆ ಸಾಮಾನ್ಯವಾಗಿ ಸ್ವಿಚ್ ಎಳೆಯುವ ಪುಲ್ಲರ್, ಎರಡು ಮೂರು ಸ್ಪೇರ್ ಸ್ವಿಚ್ ಕೊಡುತ್ತಾರೆ. ಇದರಲ್ಲಿದ್ದದ್ದು ಕೀಕ್ಯಾಪ್ ತೆಗೆಯುವ ಪ್ಲಾಸ್ಟಿಕ್ ರಿಂಗ್ ಒಂದೇ. ಕ್ಯಾಪ್ ತೆಗೆದು, ಸ್ವಿಚ್ಚಿನ ಎರಡು ಬದಿಯ ಕ್ಲಿಪ್ ಒತ್ತಿ, ನೆಟ್ಟಗೆ ಎಳೆದರೆ ಅಲ್ಲಾಡಲಿಲ್ಲ. ಎಫ್ ಬಿಟ್ಟು ಜೆ, ಜೆ ಬಿಟ್ಟು ಎಸ್ಕೇಪ್. ಒಂದೂ ಇಲ್ಲ. ಸ್ವಲ್ಪ ಬಲ ಹಾಕಿದ್ದಕ್ಕೆ ಸ್ವಿಚ್ಚಿನ ಮೇಲಿನ ಅರ್ಧ ಮಾತ್ರ ಬಾಯಿ ಬಿಡತೊಡಗಿತು, ಕೆಳಗಿನ ಅರ್ಧ ಜಪ್ಪಯ್ಯ ಅಂದರೂ ಕದಲಲಿಲ್ಲ. ಸೋಲ್ಡರ್ ಮಾಡಿದ ಬೋರ್ಡ್! ಕೌಂಟರಿನಲ್ಲಿ ಅವನು ಕಿತ್ತು ತೋರಿಸಿದ್ದಕ್ಕೆ ತಲೆಯಾಡಿಸಿ, ಮೇಲಿಂದ ಚೌಕಾಶಿಯಲ್ಲಿ ಗೆದ್ದ ಖುಷಿಯಲ್ಲಿ ಬಂದದ್ದು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

ವಿಡಿಯೊ ಮಾಡಿ ಅಂಗಡಿಯವನಿಗೆ ವಾಟ್ಸಾಪಿನಲ್ಲಿ ಕಳಿಸಿದ್ದಕ್ಕೆ ಬಂದ ಉತ್ತರ ಕೇಳಿ.

"ಕೀ ತೆಗೆಯೋಕೆ ಬರ್ತಿದೆಯಲ್ಲ ಸಾರ್. ಅದೇ ಹಾಟ್‌ಸ್ವಾಪ್."

ಅದಲ್ಲ ಸ್ವಾಮಿ. ಕೀಕ್ಯಾಪ್ ಯಾವ ಮೆಕ್ಯಾನಿಕಲ್ ಕೀಬೋರ್ಡಿನಲ್ಲಾದರೂ ಬರುತ್ತೆ, ಮೆಂಬ್ರೇನ್ ಅನ್ನೋ ರಬ್ಬರ್ ಹಾಳೆಯ ಮಾಮೂಲಿ ಕೀಬೋರ್ಡಿನಲ್ಲೂ ಬರುತ್ತೆ. ಹಾಟ್‌ಸ್ವಾಪ್ ಅಂದರೆ ಕ್ಯಾಪಿನ ಕೆಳಗಿರೋ ಸ್ವಿಚ್ಚೇ ಬಿಚ್ಚಿ ಬರಬೇಕು, ಸೋಲ್ಡರಿಂಗ್ ಐರನ್ ಮುಟ್ಟದೆ. ಹೀಗೆ ಬರೆದದ್ದಕ್ಕೆ:

"ಹೊಸದಲ್ವಾ ಸಾರ್, ಟೈಟ್ ಇರುತ್ತೆ. ಜೋರಾಗಿ ಎಳೀರಿ."

ದಯವಿಟ್ಟು ಯಾರೂ ಈ ಮಾತು ಕೇಳಬೇಡಿ. ಸೋಲ್ಡರ್ ಆಗಿರುವ ಸ್ವಿಚ್ಚನ್ನು ಜೋರಾಗಿ ಎಳೆದರೆ ಬೋರ್ಡಿನ ತಾಮ್ರದ ಪ್ಯಾಡ್ ಕಿತ್ತು ಬರುತ್ತೆ. ಆ ಕೀ ಸತ್ತಂತೆ. ಟ್ರೇಸ್, ಅಂದರೆ ಬೋರ್ಡಿನ ಮೇಲಿನ ತಾಮ್ರದ ಗೆರೆ, ಹರಿದರೆ ಅದೇ ಸಾಲಿನ ಬೇರೆ ಕೀಗಳೂ ಹೋಗಬಹುದು. ಆಮೇಲೆ ತಗೊಂಡು ಹೋದರೆ "ಫಿಸಿಕಲ್ ಡ್ಯಾಮೇಜ್, ವಾರಂಟಿ ಇಲ್ಲ." ಎಳೀರಿ ಅಂದವನಿಗೆ ಇಷ್ಟು ಗೊತ್ತಿರಲ್ವಾ?

ಅದಾದ ಮೇಲೆ ರಾಗ ಬದಲಾಯಿತು. "ಇದು ವಿ2 ಸಾರ್, ಕಂಪನಿಯವರೇ ಚೇಂಜ್ ಮಾಡಿದ್ದಾರೆ, ನಮ್ ಕೈಲಿ ಏನಿಲ್ಲ." ಹಾಗಾದರೆ ಕೌಂಟರ್ ಮೇಲೆ ವಿ1 ಯಾಕಪ್ಪಾ ಇಟ್ಟಿದ್ದೀಯ ಅಂತ ಕೇಳಿದ್ದಕ್ಕೆ ಒಂದು ಹೆಬ್ಬೆಟ್ಟಿನ ಇಮೋಜಿ. ಆಮೇಲೆ "500 ಸೇರಿಸಿ, ಬೇರೆ ಮಾಡೆಲ್ ಕೊಡ್ತೀನಿ."

ಒಂದು ಸ್ವಿಚ್ಚಿಗೆ ಇಷ್ಟೊಂದು ರಂಪಾಟ ಯಾಕೆ ಅನ್ನುವವರಿಗೆ: ಈ ಬೆಲೆಯ ಬೋರ್ಡುಗಳಲ್ಲಿ ಮೊದಲು ಕೈಕೊಡೋದೇ ಸ್ವಿಚ್. ಒಳಗಿನ ಲೋಹದ ಎಲೆ ಸವೆದೋ ಧೂಳು ಕೂತೋ, ಒಮ್ಮೆ ಒತ್ತಿದರೆ ಎರಡು ಅಕ್ಷರ ಬೀಳತೊಡಗುತ್ತೆ. ಹಾಟ್‌ಸ್ವಾಪ್ ಆಗಿದ್ದರೆ ಆ ಒಂದು ಸ್ವಿಚ್ ಕಿತ್ತು ಬೇರೆಯದು ಹಾಕಿದರೆ ಮುಗೀತು. ಸೋಲ್ಡರ್ ಆಗಿದ್ದರೆ ಕೇಸ್ ಬಿಚ್ಚಬೇಕು, ಎರಡೂ ಪಿನ್ನಿನ ಸೋಲ್ಡರ್ ಹೀರಿ ತೆಗೆಯಬೇಕು, ಹೊಸದಕ್ಕೆ ಮತ್ತೆ ಹಾಕಬೇಕು. 87 ಕೀ ಬೋರ್ಡಿನಲ್ಲಿ ಅಂಥವು 174 ಪಿನ್. ಕ್ಲಿಕ್ ಕ್ಲಿಕ್ ಅನ್ನೋ ಬ್ಲೂ ಸ್ವಿಚ್ಚಿನ ಸದ್ದು ಆಫೀಸಿನಲ್ಲಿ ಯಾರಿಗೂ ಆಗುತ್ತಿಲ್ಲ, ಸದ್ದು ಕಡಿಮೆಯ ರೆಡ್ಡೋ ಬ್ರೌನೋ ಹಾಕೋಣ ಅಂದರೂ ಅದೇ ಗತಿ. ಹಾಟ್‌ಸ್ವಾಪ್ ಅನ್ನೋ ಹೆಸರಿಗೆ ಹೆಚ್ಚಿಗೆ ದುಡ್ಡು ಕೀಳೋದು ಇದಕ್ಕೇ ತಾನೇ?

ಆದ್ದರಿಂದ ಸೀಲನ್ನು ಅವರ ಕೈಯಲ್ಲೇ, ಅವರ ಕೌಂಟರ್ ಮೇಲೇ ತೆಗೆಸಿ. ತೆಗೆಯಲ್ಲ ಅಂದರೆ ಪಕ್ಕದ ಅಂಗಡಿ ಇದೆ. ಕಟ್ಟಿ ಕೊಡುವ ಪೀಸಿನಿಂದಲೇ ಒಂದು ಸ್ವಿಚ್ ಕೀಳಿಸಿ, ಡೆಮೊ ಪೀಸಿನಿಂದಲ್ಲ. ಡೆಮೊ ಪೀಸಿನಿಂದಲ್ಲ! ತಿರುಗಿ ಹಾಕುವಾಗ ಎರಡು ಪಿನ್ನೂ ನೆಟ್ಟಗಿರಬೇಕು. ಪಿನ್ ಮಡಚಿಕೊಂಡು ಕೂತರೆ ಆ ಕೀ ಕೆಲಸ ಮಾಡಲ್ಲ, ಆಗ ಹೊಸ ರಗಳೆ. ಸ್ವಿಚ್ ಕೂರುವ ಸಾಕೆಟ್ ಯಾವುದು ಅಂತಲೂ ಕೇಳಿ. ಔಟೆಮು ಕಂಪನಿಯ ಹಳೇ ಸಾಕೆಟ್ ಆಗಿದ್ದರೆ ತೆಳು ಪಿನ್ನಿನ ಔಟೆಮು ಸ್ವಿಚ್ಚೇ ಬೇಕು. ಗೇಟೆರಾನ್, ಚೆರ್ರಿ ಕಂಪನಿಯ ಸ್ವಿಚ್ ಒತ್ತಿ ತುರುಕಿದರೆ ಸಾಕೆಟ್ಟೇ ಹಾಳಾಗುತ್ತೆ. ಬೆಳಕಿನಿಂದ ಒತ್ತಿದ್ದನ್ನು ಗುರುತಿಸುವ ಆಪ್ಟಿಕಲ್ ಬೋರ್ಡಿಗೆ ಆಪ್ಟಿಕಲ್ ಸ್ವಿಚ್ಚೇ ಬೇಕು, ಮಾಮೂಲಿಯದು ಹಾಕಿದರೆ ಕೆಲಸ ಮಾಡಲ್ಲ. 3 ಪಿನ್ (ಎರಡು ಲೋಹದ ಪಿನ್, ನಡುವೆ ಒಂದು ಪ್ಲಾಸ್ಟಿಕ್ ಕಾಲು) ಬೋರ್ಡಿಗೆ 5 ಪಿನ್ ಸ್ವಿಚ್ ಸಿಕ್ಕರೆ ಗಾಬರಿ ಬೇಡ, ಪಕ್ಕದ ಎರಡು ಪ್ಲಾಸ್ಟಿಕ್ ಕಾಲು ಕತ್ತರಿಸಿದರೆ ಕೂರುತ್ತೆ.

ಇದಕ್ಕಿಂತ ಕೀಳು ಆಟ "ಮೆಕ್ಯಾನಿಕಲ್ ಫೀಲ್" ಅನ್ನೋದು. ಅದು ಅಪ್ಪಟ ಮೆಂಬ್ರೇನ್, ಕೆಳಗೆ ರಬ್ಬರ್ ಹಾಳೆ. ಕ್ಯಾಪಿನ ಕೆಳಗೆ ಪ್ಲಸ್ ಆಕಾರ ಕಂಡರೆ ಸಾಕು ಅಂತ ಕೆಲವರು ಹೇಳುತ್ತಾರೆ, ನಂಬಬೇಡಿ. ಕೆಲವು ಮೆಂಬ್ರೇನಿನಲ್ಲೂ ಆ ಪ್ಲಸ್ ಇರುತ್ತೆ. ಪ್ರತಿ ಕೀಗೂ ಬೇರೆ ಬೇರೆ ಸ್ವಿಚ್ ಡಬ್ಬಿ, ಒಳಗೆ ಸ್ಪ್ರಿಂಗ್ ಇರಬೇಕು. ಎರಡೂ ಶಿಫ್ಟ್ ಒತ್ತಿ ಹಿಡಿದು ಒಂದು ಉದ್ದ ಇಂಗ್ಲಿಷ್ ವಾಕ್ಯ ಟೈಪ್ ಮಾಡಿ. ನಡುವೆ ಅಕ್ಷರ ನುಂಗಿದರೆ, ಬಾಕ್ಸಿನ ಮೇಲೆ ಏನೇ ಬರೆದಿರಲಿ, ಬೇಡ. ಸ್ಪೇಸ್‌ಬಾರಿನ ಎರಡು ತುದಿ ತಟ್ಟಿ ನೋಡಿ, ಗಲಗಲ ಅಂದರೆ ಉದ್ದ ಕೀಯನ್ನು ಸಮವಾಗಿ ಹಿಡಿದಿಡುವ ಸ್ಟೆಬಿಲೈಸರ್ ಸಡಿಲ. ಅದಕ್ಕೆ ಗ್ರೀಸ್ ಹಾಕಿದರೆ ಸರಿಹೋಗುತ್ತೆ, ಅಷ್ಟಕ್ಕೆ ಬಿಡಬೇಕಿಲ್ಲ. ಲೈಟಿನಲ್ಲಿ ಪ್ರತಿ ಸಾಲಿಗೊಂದು ಬಣ್ಣ ಅಂಟಿಕೊಂಡಿದ್ದರೆ ಅದು ಬೇಕಾದ ಬಣ್ಣಕ್ಕೆ ಬದಲಿಸಬಹುದಾದ ಆರ್‌ಜಿಬಿ ಅಲ್ಲ, ಆ ಹೆಸರಿಗೆ ದುಡ್ಡು ಕೊಡಬೇಡಿ.

ಕನ್ನಡ ಟೈಪ್ ಮಾಡುವವರಿಗೆ ಇನ್ನೊಂದು ಮಾತು. 60% ಬೋರ್ಡು, ಅಂದರೆ 61 ಕೀಯದು, ಅಗ್ಗ ಅಂತ ತಗೊಳ್ಳೋ ಮುಂಚೆ ಯೋಚಿಸಿ. ಇನ್‌ಸ್ಕ್ರಿಪ್ಟ್ ಅನ್ನೋ ಕನ್ನಡ ಕೀ ವಿನ್ಯಾಸದಲ್ಲಿ 1ರ ಎಡಗಡೆ ಕೀಯಲ್ಲಿ ಒಕಾರ ಇದೆ. ಈ ಬೋರ್ಡುಗಳಲ್ಲಿ ಆ ಜಾಗದಲ್ಲಿ ಎಸ್ಕೇಪ್ ಕೂತಿರುತ್ತೆ, "ಕೊಡಿ" ಅಂತ ಬರೆಯೋಕೂ ಜತೆಗೆ ಎಫ್‌ಎನ್ ಕೀ ಒತ್ತಬೇಕು. ನುಡಿ ವಿನ್ಯಾಸದವರಿಗೆ ಆ ತೊಂದರೆ ಇಲ್ಲ, ಆದರೆ ಒತ್ತಕ್ಷರಕ್ಕೆಲ್ಲ ಎಫ್ ಕೀಯೇ ಬೇಕಲ್ಲ, ಎಬಿಎಸ್ ಪ್ಲಾಸ್ಟಿಕ್ಕಿನ ಕ್ಯಾಪ್ ಆಗಿದ್ದರೆ ಆ ಕೀ ಬೇಗ ಸವೆದು ಹೊಳೆಯುತ್ತೆ. ಮೇಲೆ ಪೇಂಟ್ ಮಾಡಿದ ಅಕ್ಷರವಾದರೆ ಅಳಿಸಿಯೂ ಹೋಗುತ್ತೆ. ಡಬಲ್‌ಶಾಟ್, ಅಂದರೆ ಅಕ್ಷರವೇ ಬೇರೆ ಪ್ಲಾಸ್ಟಿಕ್ಕಿನಲ್ಲಿ ಅಚ್ಚಾದದ್ದು, ಇದೆಯಾ ನೋಡಿ.

ಬಿಲ್ ಕೇಳಿದರೆ "18% ಜಿಎಸ್‌ಟಿ ಎಕ್ಸ್‌ಟ್ರಾ ಆಗುತ್ತೆ ಸಾರ್, ಬೇಕಾ?" ಅಂತಾರೆ. ಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರೋದೂ ಅನುಚಿತ ವ್ಯಾಪಾರ ಪದ್ಧತಿ, ಇಲ್ಲದ ಗುಣ ಇದೆ ಅಂತ ಮಾರೋದೂ ಅದೇ. ದೋಷ ಇರೋ ಮಾಲನ್ನು ಬಿಲ್ಲಿನಲ್ಲಿ ಹಾಕಿದ ಅವಧಿಯೊಳಗೆ, ಅವಧಿ ಹಾಕಿಲ್ಲದಿದ್ದರೆ 30 ದಿನದೊಳಗೆ ವಾಪಸ್ ತಗೊಳ್ಳದಿರೋದೂ ಅದೇ. ದೂರು ಕೊಡೋಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಗ್ರಾಹಕ ಆಯೋಗಕ್ಕೆ ಹೋದರೂ 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ.

1915 ಅಂದ ಮೇಲೆ ಅಂಗಡಿಯಿಂದ ಬಂದ ಮೆಸೇಜ್: "ಬಿಲ್ ಫೋಟೊ ಕಳ್ಸಿ ಸಾರ್, ಓನರ್‌ನ ಕೇಳ್ತೀನಿ." ಬಿಲ್ಲಿನಲ್ಲಿ ಅವರು ಬರೆದಿರೋದು "ಕೀಬೋರ್ಡ್, 1" ಅಂತ, ಅಷ್ಟೇ. ನೀವು ಮಾಡೆಲ್ ನಂಬರು, ಅದರ ಮುಂದೆ "ಹಾಟ್‌ಸ್ವಾಪ್" ಅಂತ ಅವರ ಕೈಯಲ್ಲೇ ಬರೆಸಿ, ಬಿಲ್ಲಿಗೆ ಅಂಗಡಿಯ ಮೊಹರು ಒತ್ತಿಸಿಕೊಂಡು ಆಮೇಲೆ ದುಡ್ಡು ಕೊಡಿ.