ಫ್ಲಮೆಂಕೊ ಗಿಟಾರ್ ಎಂದು ದುಡ್ಡು ಕೊಡುವ ಮೊದಲು ಬ್ರಿಜ್ ಹತ್ತಿರ ಸ್ಕೇಲ್ ಹಿಡಿದು ನೋಡಿ

ಬೆಂಗಳೂರಿನ ಒಬ್ಬ ವಿದ್ಯಾರ್ಥಿ ಸ್ಪೇನಿನ ಫ್ಲಮೆಂಕೊ ಸಂಗೀತಕ್ಕೆಂದು ಆನ್‌ಲೈನಿನಲ್ಲಿ ಕೊಂಡ ಹಳೇ ಗಿಟಾರಿನ ಕಥೆ ಇದು. ಬೇರೆಯವರ ದುಡ್ಡೂ ಹೀಗೆ ಹಾಳಾಗಬಾರದೆಂದು ಅಳತೆ ಸಮೇತ ಹಾಕುತ್ತಿದ್ದೇನೆ.

ಜಾಹೀರಾತಿನಲ್ಲಿ ‘ಫ್ಲಮೆಂಕೊ, ಲೋ ಆ್ಯಕ್ಷನ್’ ಎಂದಿತ್ತು, ಅಂದರೆ ತಂತಿಗಳು ಫ್ರೆಟ್‌ಗಳಿಗೆ (ಕುತ್ತಿಗೆಯ ಮೇಲಿನ ಅಡ್ಡ ಲೋಹಪಟ್ಟಿಗಳಿಗೆ) ಹತ್ತಿರ. 12ನೇ ಫ್ರೆಟ್ ಮೇಲೆ 6ನೇ (ಎಲ್ಲಕ್ಕಿಂತ ದಪ್ಪ) ತಂತಿ 3 ಮಿ.ಮೀ., 1ನೇ (ಎಲ್ಲಕ್ಕಿಂತ ಸಪೂರ) ತಂತಿ 2.5 ಮಿ.ಮೀ. ಎತ್ತರದಲ್ಲಿತ್ತು. ಫ್ಲಮೆಂಕೊಗೆ ಒಪ್ಪುವ ಅಳತೆಯೇ. ಮೇಲ್ಹಲಗೆಗೆ ಬೆರಳಿನ ಬಡಿತ ತಡೆಯುವ ಗೊಲ್ಪೆಯಾಡೋರ್ ಪ್ಲಾಸ್ಟಿಕ್ ಕೂಡ ಅಂಟಿಸಿದ್ದರು. ಆದರೆ ಬ್ರಿಜ್ (ಹಲಗೆಯ ಮೇಲೆ ತಂತಿ ಕಟ್ಟುವ ಮರದ ತುಂಡು) ಮುಂದೆ ತಂತಿ ಹಲಗೆಯಿಂದ ಎಷ್ಟು ಮೇಲಿದೆ ಎಂದು ಅಳೆದಾಗ ಬಣ್ಣ ಬಯಲಾಯಿತು: 6ನೇ ತಂತಿಯ ಕಡೆ ಸುಮಾರು 10 ಮಿ.ಮೀ., 1ನೇ ತಂತಿಯ ಕಡೆ 9. ಫ್ಲಮೆಂಕೊದಲ್ಲಿ ಇದು 7ರಿಂದ 8 ಇರಬೇಕು. 1ನೇ ತಂತಿಯ ಕೆಳಗೆ ಸ್ಯಾಡಲ್ ಮೂಳೆ (ಬ್ರಿಜ್ ಸೀಳಿನಲ್ಲಿ ಕೂತು ತಂತಿ ಹೊರುವ ಪಟ್ಟಿ) ಬ್ರಿಜ್ ಮರದಿಂದ ಅರ್ಧ ಮಿ.ಮೀ.ಯಷ್ಟೂ ಮೇಲೆದ್ದಿರಲಿಲ್ಲ, ಅದರ ತಳದಲ್ಲಿ ಒರಟು ಅರದ ಗೀರುಗಳು ಹಾಗೇ ಉಳಿದಿದ್ದವು. ಕ್ಲಾಸಿಕಲ್ ಗಿಟಾರಿನ ಸ್ಯಾಡಲ್ ಉಜ್ಜಿ ಹೆಸರು ಬದಲಿಸಿ ಮಾರಿದ್ದರು.

12ನೇ ಫ್ರೆಟ್ ತಂತಿಯ ನಟ್ಟನಡುವೆ ಬರುವುದರಿಂದ ಅಲ್ಲಿ 1 ಮಿ.ಮೀ. ಇಳಿಸಲು ಸ್ಯಾಡಲ್‌ನಲ್ಲಿ 2 ಮಿ.ಮೀ. ತೆಗೆಯಬೇಕು. ಕ್ಲಾಸಿಕಲ್‌ನ 4 ಮಿ.ಮೀ. ಆ್ಯಕ್ಷನ್ 3ಕ್ಕೆ ಬರುವಷ್ಟರಲ್ಲಿ ಮೂಳೆಯೇ ಮುಗಿದುಹೋಗುತ್ತದೆ. ತಂತಿ ಸ್ಯಾಡಲ್ ಮೇಲೆ ಗಟ್ಟಿಯಾಗಿ ಬಾಗದೆ ಸುಮ್ಮನೆ ಹಾದುಹೋಗುತ್ತದೆ, ಸಪೂರ ತಂತಿಗಳ ನಾದ ಸೊರಗುತ್ತದೆ. ಇಷ್ಟಾದರೂ ತಂತಿ ಹಲಗೆಗೆ ಹತ್ತಿರವಾಗಿರುವುದಿಲ್ಲ. ಗೋಲ್ಪೆ ಎಂದರೆ ನುಡಿಸುತ್ತಲೇ ಉಂಗುರದ ಬೆರಳಿನಿಂದ ಹಲಗೆಗೆ ಬಡಿಯುವುದು. 10 ಮಿ.ಮೀ. ಎತ್ತರದಲ್ಲಿ ಬೆರಳು ಪ್ರತಿ ಸಲವೂ ಕೆಳಗಿಳಿದು ಬರಬೇಕು, ತಾಳ ತಪ್ಪುತ್ತದೆ. ಹೆಬ್ಬೆರಳಿನಿಂದ ಕೆಳಗೂ ಮೇಲೂ ಮೀಟುವ ಅಲ್ಸಪುವಾ ಕೂಡ ಭಾರವಾಗುತ್ತದೆ. ತಂತಿ ತಗ್ಗಿದ್ದರೆ ಹಲಗೆಯನ್ನು ತಿರುಚುವ ಬಲವೂ ಕಡಿಮೆ. ಫ್ಲಮೆಂಕೊದ ಚುರುಕಾದ, ಬೇಗ ಅಡಗುವ ದನಿಗೆ ಇದೂ ಒಂದು ಕಾರಣ.

ನಿಜವಾದ ವ್ಯತ್ಯಾಸ ಇರುವುದು ಕುತ್ತಿಗೆಯ ಕೋನದಲ್ಲಿ. ಸ್ಪೇನಿನ ಕುಶಲಕರ್ಮಿಗಳು ಸೊಲೆರಾ ಎಂಬ ಅಚ್ಚುಹಲಗೆಯ ಮೇಲೆ ಗಿಟಾರ್ ಕಟ್ಟುವಾಗಲೇ ಇದನ್ನು ನಿರ್ಧರಿಸುತ್ತಾರೆ. ಕುತ್ತಿಗೆಗೂ ಹಲಗೆಗೂ ನಡುವಿನ ಈ ಕೋನ ಕ್ಲಾಸಿಕಲ್‌ನಲ್ಲಿ ಬೇರೆ, ಫ್ಲಮೆಂಕೊದಲ್ಲಿ ಬೇರೆ. ಪಕ್ಕದ ಹಲಗೆಗಳು ಕುತ್ತಿಗೆಯ ಬುಡದ ಸೀಳಿನೊಳಗೇ ಕೂರುವುದರಿಂದ ಆಮೇಲೆ ಕೋನ ಬದಲಿಸಬೇಕಾದರೆ ಗಿಟಾರನ್ನೇ ಬಿಚ್ಚಬೇಕು.

ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ರಿಪೇರಿಯವರೊಬ್ಬರು ಬ್ರಿಜ್ ಮರವನ್ನೇ ಕೆತ್ತಿ ತೆಳು ಮಾಡಿದರು. ಮೂಳೆ ಹೊರಗೆ ಕಂಡಿತು, ತಂತಿಯ ಎತ್ತರ ಮಾತ್ರ ಕೂದಲೆಳೆಯಷ್ಟೂ ಇಳಿಯಲಿಲ್ಲ, ಏಕೆಂದರೆ ಅದನ್ನು ತೀರ್ಮಾನಿಸುವುದು ಸ್ಯಾಡಲ್‌ನ ನೆತ್ತಿ. ಬ್ರಿಜ್ ಬಲ ಕಳೆದುಕೊಂಡು ಅದರ ಹಿಂದೆ ಹಲಗೆ ಉಬ್ಬತೊಡಗಿತು. ಈ ಕೆಲಸಕ್ಕೆ ಯಾರೂ ಒಪ್ಪಬೇಡಿ. ತಂತಿಯ ಬಾಗು ಹೆಚ್ಚಬೇಕಿದ್ದರೆ ತಂತಿ ಕಟ್ಟುವ ಜಾಗದಲ್ಲಿ ಹೆಚ್ಚುವರಿ ತೂತು ಕೊರೆದು 12 ತೂತಿನ ಬ್ರಿಜ್ ಮಾಡಿಸಬಹುದು, ಅದರಿಂದ ಹಾನಿಯಿಲ್ಲ.

ಕೊಳ್ಳುವ ಮುಂಚೆ ಉದ್ದನೆಯ ಸ್ಟೀಲ್ ಸ್ಕೇಲನ್ನು ಫ್ರೆಟ್‌ಗಳ ಮೇಲೆ ಮಲಗಿಸಿ ಬ್ರಿಜ್‌ವರೆಗೆ ಚಾಚಿ. ಬ್ರಿಜ್‌ನ ಮುಂದಿನ ಅಂಚಿನಲ್ಲಿ ಸ್ಕೇಲಿನ ತಳ ಹಲಗೆಯಿಂದ 3 ಮಿ.ಮೀ. ಆಸುಪಾಸಿನಲ್ಲಿರಬೇಕು. 4.5 ಬಂತೋ, ಯಾವ ಸೆಟಪ್ಪೂ ಅದನ್ನು ಫ್ಲಮೆಂಕೊ ಮಾಡಲಾರದು. ಸ್ಯಾಡಲ್ ಮೂಳೆ 2 ಮಿ.ಮೀ.ಯಾದರೂ ಹೊರಗಿರಲಿ. ತಂತಿಯನ್ನು 1ನೇ ಮತ್ತು 12ನೇ ಫ್ರೆಟ್‌ಗೆ ಒತ್ತಿ ಹಿಡಿದು, ತಂತಿಗೂ ನಡುವಿನ ಫ್ರೆಟ್‌ಗಳಿಗೂ ಇರುವ ಸಂದು ನೋಡಿ, 0.1ರಿಂದ 0.3 ಮಿ.ಮೀ. ಸಾಕು. ಸೆಹಿಯಾವನ್ನು (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಯಾಪೊ) 2ನೇ ಫ್ರೆಟ್‌ಗೆ ಹಾಕಿ ದಪ್ಪ ತಂತಿಗಳನ್ನು ಹೆಬ್ಬೆರಳಿನಿಂದ ಜೋರಾಗಿ ಮೀಟಿ. ಜೋರಾಗಿ ಮೀಟಿದಾಗ ಸಣ್ಣಗೆ ಝೇಂಕರಿಸಿದರೆ ದೋಷವಲ್ಲ, ಸ್ವರವೇ ಕಟ್ಟಿಹೋದರೆ ದೋಷ. ಆನ್‌ಲೈನ್ ಆದರೆ ಬ್ರಿಜ್ ಪಕ್ಕ ಸ್ಕೇಲ್ ನಿಲ್ಲಿಸಿ ಅಡ್ಡದಿಂದ ತೆಗೆದ ಫೋಟೊ ಕೇಳಿ. ಕೊಡದವರ ಹತ್ತಿರ ವ್ಯಾಪಾರ ಬೇಡ.

ಮಂಗಳೂರು, ಉಡುಪಿ ಕಡೆಯವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಹಲಗೆ ತೇವ ಹೀರಿ ಉಬ್ಬಿ ತಂತಿ ಮೇಲೇಳುತ್ತದೆ. ಆಗ ಸ್ಯಾಡಲ್ ಉಜ್ಜಿಸಿದರೆ ಒಣಹವೆ ಬಂದಾಗ ಎಲ್ಲ ಫ್ರೆಟ್‌ಗಳೂ ಝರ್ರೆನ್ನುತ್ತವೆ. ಮೂಲ ಸ್ಯಾಡಲ್ ಮುಟ್ಟದೆ ಇಟ್ಟುಕೊಂಡು, ಮಳೆಗಾಲಕ್ಕೆಂದೇ ಅರ್ಧ ಮಿ.ಮೀ. ತಗ್ಗಿನ ಇನ್ನೊಂದು ಸ್ಯಾಡಲ್ ಮಾಡಿಸಿ.