ಹಳೇ ಲೇತ್‌ಗೆ ನೈಲಾನ್ ಬೆಲ್ಟ್: ಮೂರು ವರ್ಷ ಓಡಿಸಿದ ಮೇಲೆ

ನಮ್ಮದು ಆರು ಅಡಿ ಬೆಡ್‌ನ (ಕೆಳಗಿನ ಉದ್ದ ಪೀಠದ) ಬಟಾಲಾ ಲೇತ್, ಅಂದರೆ ಪಂಜಾಬಿನ ಬಟಾಲಾ ಊರಿನದು; ಜಾಬನ್ನು (ಕೆಲಸದ ತುಂಡನ್ನು) ತಿರುಗಿಸಿ ಟೂಲ್‌ನಿಂದ ಕೊರೆಯುವ ಮಷಿನ್. ಅಪ್ಪ ಸೆಕೆಂಡ್ ಹ್ಯಾಂಡ್ ತಂದದ್ದು. ವೇಗ ಬದಲಿಸಲು ಮೂರು ಮೆಟ್ಟಿಲಿನ ಕೋನ್ ಪುಲ್ಲಿ, ನಿಧಾನವಾಗಿ ಜೋರಾಗಿ ಎಳೆಯಲು ಬ್ಯಾಕ್ ಗೇರ್, ಹಿಂದೆ ಮೋಟಾರ್‌ನ ಓಟ ದಾಟಿಸುವ ಕೌಂಟರ್ ಶಾಫ್ಟ್. ಹುಬ್ಬಳ್ಳಿಯ ನಮ್ಮ ಶೆಡ್‌ಗೆ ಬರುವುದು ಟ್ರಾಕ್ಟರ್ ಬುಶ್, ಪಂಪ್ ಶಾಫ್ಟ್, ಕಬ್ಬಿನ ಹಾಲಿನ ಮಷಿನ್‌ನ ರೋಲರ್. ಇಂಥ ಕೆಲಸಕ್ಕೆ ಈ ಲೇತ್ ಸಾಕು.

ಕೌಂಟರ್ ಶಾಫ್ಟ್‌ನಿಂದ ಕೋನ್ ಪುಲ್ಲಿಗೆ ಮೊದಲಿಂದಲೂ ಇದ್ದದ್ದು ರಬ್ಬರ್ ಕ್ಯಾನ್ವಾಸ್ ಪಟ್ಟಾ (ಬೆಲ್ಟ್), ಎರಡು ತುದಿ ಜೋಡಿಸಲು ಹಲ್ಲಿನ ಕಬ್ಬಿಣದ ಫಾಸ್ನರ್. ಓಡುವಾಗ ಪ್ರತಿ ಸುತ್ತಿಗೂ ಟಕ್, ಟಕ್. ಆ ಸದ್ದಿಗೆ ಕಿವಿ ಹೊಂದಿಕೊಂಡಿತ್ತು. ಆದರೆ ಫಿನಿಷ್ ಕಟ್ (ಕೊನೆಯ ನಯವಾದ ಕಟ್) ಹಾಕಿದ ಶಾಫ್ಟನ್ನು ಬೆಳಕಿಗೆ ಹಿಡಿದರೆ ಒಂದೇ ಅಂತರದಲ್ಲಿ ಸಣ್ಣ ಪಟ್ಟೆ ಕಾಣುತ್ತಿತ್ತು. ಟೂಲ್ ಸರಿ ಇಲ್ಲ ಅಂತ ಎಷ್ಟು ಸಲ ಗ್ರೈಂಡ್ ಮಾಡಿದೆನೋ! ಕಾರಣ ಆ ಫಾಸ್ನರ್‌ನ ಹೊಡೆತ. ಜಾಸ್ತಿ ಕಟ್ ಕೊಟ್ಟರೆ ಪಟ್ಟಾ ಜಾರುತ್ತಿತ್ತು. ಆಗ ರಾಳದ ಪುಡಿ ಹಾಕುವುದು. ಅರ್ಧ ಗಂಟೆ ಹಿಡಿಯುತ್ತದೆ, ಆಮೇಲೆ ಪುಲ್ಲಿ ಮೇಲೆ ಗಾಜಿನ ಹಾಗೆ ಗಟ್ಟಿಯಾಗಿ ಇನ್ನೂ ಜಾರುತ್ತದೆ. ಈಗಲೂ ರಾಳ ಹಾಕುವವರಿದ್ದರೆ ದಯವಿಟ್ಟು ಬಿಡಿ.

ಮೂರು ವರ್ಷದ ಹಿಂದೆ 50 ಮಿ.ಮೀ. ಅಗಲದ ನೈಲಾನ್ ಬೆಲ್ಟ್ ಹಾಕಿಸಿದೆ. ನಡುವೆ ನೈಲಾನ್ ಪಟ್ಟಿ, ಪುಲ್ಲಿಗೆ ತಾಗುವ ಕಡೆ ನೀಲಿ ಬೂದು ಬಣ್ಣದ ಕ್ರೋಮ್ ಲೆದರ್, ಹೊರಗೆ ಬಟ್ಟೆ. ಎಳೆಯುವ ಭಾರವನ್ನೆಲ್ಲ ನೈಲಾನ್ ಹೊರುತ್ತದೆ, ಲೆದರ್ ಬರೀ ಹಿಡಿಯುತ್ತದೆ. ಅಂಗಡಿಯವರೇ ಹಾಕುವ ಜಾಯಿಂಟ್ ಸೇರಿ ಒಂದು ಬೆಲ್ಟ್‌ಗೆ ಸುಮಾರು 2,000 ರೂಪಾಯಿ ಆಯಿತು. ಕ್ಯಾನ್ವಾಸ್ ಪಟ್ಟಾ ಇದರ ಮೂರರಲ್ಲೊಂದು ಭಾಗಕ್ಕೆ ಸಿಗುತ್ತದೆ, ಅದು ನಿಜ.

ಅಳತೆ ತೆಗೆಯುವುದು ಕಷ್ಟವಲ್ಲ, ಆದರೆ ಎಡವುವುದು ಸುಲಭ. ಬೆಲ್ಟ್ ಬಿಗಿ ಮಾಡುವ ಟೆನ್ಶನ್ ಲಿವರ್ ನಡುವಿನಲ್ಲಿ ನಿಲ್ಲಿಸಿ, ಎರಡೂ ಪುಲ್ಲಿಗೆ ಟೇಪ್ ಸುತ್ತಿ ನೋಡಿದೆ. 1,820 ಮಿ.ಮೀ. ಬಂತು. ಈ ಬೆಲ್ಟ್ ಸ್ವಲ್ಪ ಹಿಗ್ಗಿದ ಸ್ಥಿತಿಯಲ್ಲೇ ಕೆಲಸ ಮಾಡಬೇಕು, ಹಾಗಾಗಿ ನೂರಕ್ಕೆ ಒಂದೂವರೆಯಷ್ಟು ಕಡಿಮೆ ಇಟ್ಟೆ. ಅಂದರೆ 27 ಮಿ.ಮೀ. ಗಿಡ್ಡ. ಅದರ ಮೇಲೆ ಜಾಯಿಂಟ್‌ನಲ್ಲಿ ಎರಡು ತುದಿ ಒಂದರ ಮೇಲೊಂದು ಕೂರಲು 75 ಮಿ.ಮೀ. ಬೇರೆ ಸೇರಿಸಬೇಕು. ಇದನ್ನು ಮರೆತರೆ ಬೆಲ್ಟೇ ವೇಸ್ಟ್. ಮೂರೂ ಮೆಟ್ಟಿಲಲ್ಲಿ ಸುತ್ತಿ ನೋಡಿದರೆ ಅಳತೆ ಎರಡು ಮೂರು ಮಿ.ಮೀ. ಅತ್ತಿತ್ತ ಆಗುತ್ತದೆ. ಅಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಲಿವರ್ ನೋಡಿಕೊಳ್ಳುತ್ತದೆ.

ಇನ್ನು ನನ್ನ ದಡ್ಡತನ. ಜಾಯಿಂಟ್‌ಗೆ ದುಡ್ಡು ಯಾಕೆ ಅಂತ ಮೊದಲ ಸಲ ನಾನೇ ಕೂತೆ. ತುದಿಗಳನ್ನು ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ ಉಜ್ಜಿ ಕಾಗದದಷ್ಟು ತೆಳು ಮಾಡಿ, ಚಪ್ಪಲಿ ಅಂಟು ಹಚ್ಚಿ, ಎರಡು ಹಲಗೆ ನಡುವೆ ಸಿ ಕ್ಲಾಂಪ್ ಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದರೆ ಭಾರಿ ಚೆಂದ. ನಾಲ್ಕು ತಿಂಗಳಿಗೆ ಒಂದು ಮಧ್ಯಾಹ್ನ ಪಟ್ ಅಂತ ಬಿಚ್ಚಿ ಗೋಡೆಗೆ ಹೊಡೆಯಿತು. ಎದುರಿಗೆ ಯಾರೂ ಇರಲಿಲ್ಲ, ಪುಣ್ಯ. ಬಿಚ್ಚಿದ ತುದಿ ಮುಟ್ಟಿದರೆ ಬೆರಳು ಜಿಡ್ಡು. ಜಾಬ್ ತಿರುಗಿಸುವ ಮುಖ್ಯ ಶಾಫ್ಟ್ ಆದ ಸ್ಪಿಂಡಲ್‌ನ ಬುಶ್‌ಗೆ ಬಿಡುವ ಎಣ್ಣೆ ಕೋನ್ ಪುಲ್ಲಿಗೆ ಹರಿದು, ಅಲ್ಲಿಂದ ಬೆಲ್ಟ್‌ಗೆ ಸಿಡಿಯುತ್ತಿತ್ತು. ಅಂಟು ಒಳಗಿಂದಲೇ ಮೆತ್ತಗಾಗಿತ್ತು.

ಆಮೇಲೆ ಬೆಲ್ಟ್ ಅಂಗಡಿಯ ಹುಡುಗನನ್ನು ಶೆಡ್‌ಗೇ ಕರೆಸಿದೆ. ಅವನ ಹತ್ತಿರ ಕರೆಂಟಿನ ಸಣ್ಣ ಹೀಟಿಂಗ್ ಪ್ರೆಸ್ ಇತ್ತು. ಹಳೇ ತುದಿ ಕತ್ತರಿಸಿದರೆ ಗಿಡ್ಡವಾಗುತ್ತದೆ ಅಂತ ಹೊಸ ಬೆಲ್ಟೇ ತಂದ. ಬೆಲ್ಟನ್ನು ಸ್ಪಿಂಡಲ್ ಕೆಳಗೆ ತೂರಿಸಿ, ಲೇತ್ ಮೇಲೆಯೇ ಜಾಯಿಂಟ್ ಹಾಕಿದ. ಹಾಗಾಗಿ ಸ್ಪಿಂಡಲ್ ಬಿಚ್ಚುವ ತಾಪತ್ರಯವೇ ಬರಲಿಲ್ಲ. ಹಳೇ ಬುಶ್‌ಗಳನ್ನು ಸುಮ್ನೆ ಕೆಣಕದಿರುವುದೇ ಒಳ್ಳೆಯದು ಅಲ್ವಾ? ಕಣ್ಣು ಮುಚ್ಚಿ ಬೆರಳಾಡಿಸಿದರೆ ಜಾಯಿಂಟ್ ಎಲ್ಲಿದೆ ಅಂತ ಗೊತ್ತಾಗುತ್ತಿರಲಿಲ್ಲ. ಅದೇ ಬೆಲ್ಟ್ ಇವತ್ತಿಗೂ ಓಡುತ್ತಿದೆ.

ಸ್ಟಾರ್ಟ್ ಮಾಡಿದ ದಿನ ಸದ್ದೇ ಇಲ್ಲ. ಮೋಟಾರ್ ಕೆಟ್ಟಿತೇನೋ ಅಂತ ಅಪ್ಪ ಎದ್ದು ಬಂದರು. ಶಾಫ್ಟ್ ಮೇಲಿನ ಪಟ್ಟೆ ಹೋಯಿತು. ಮೊದಲು ಎಂಎಸ್ (ಮೈಲ್ಡ್ ಸ್ಟೀಲ್) ಶಾಫ್ಟ್‌ಗೆ 2 ಮಿ.ಮೀ. ಕಟ್ ಕೊಟ್ಟರೆ ಜಾರುತ್ತಿದ್ದ ಲೇತ್ ಈಗ ಬ್ಯಾಕ್ ಗೇರ್ ಇಲ್ಲದೆ 3 ಮಿ.ಮೀ. ಎಳೆಯುತ್ತದೆ. ಟೂಲ್ ಜಾಬ್‌ಗೆ ಕಚ್ಚಿಕೊಂಡರೆ ಈಗಲೂ ಬೆಲ್ಟ್ ಜಾರುತ್ತದೆ, ಜಾರಲೇಬೇಕು, ಇಲ್ಲದಿದ್ದರೆ ಏನಾದರೂ ಮುರಿಯುತ್ತದೆ. ಪಕ್ಕದ ಶೆಡ್‌ನ ಎಚ್‌ಎಂಟಿ ಎಲ್‌ಬಿ 17 ಆಲ್ ಗೇರ್ (ಪಟ್ಟಾ ಬದಲು ಗೇರ್‌ನಿಂದಲೇ ವೇಗ ಬದಲಿಸುವ) ಲೇತ್, ನಮ್ಮದಕ್ಕಿಂತ ಎಷ್ಟೋ ಮೇಲು. ಆದರೆ ಈ ಒಂದು ವಿಷಯದಲ್ಲಿ ನಮ್ಮ ಪಟ್ಟಾ ಲೇತ್ ತಪ್ಪನ್ನು ಬೇಗ ಕ್ಷಮಿಸುತ್ತದೆ.

ಮೂರು ವರ್ಷದಲ್ಲಿ ಒಂದು ಅಂಚು ಸ್ವಲ್ಪ ಸವೆದಿದೆ. ಕೌಂಟರ್ ಶಾಫ್ಟ್ ಒಂದಿಷ್ಟು ಓರೆ ಇತ್ತು, ಬೆಲ್ಟ್ ಮೆಟ್ಟಿಲಿನ ಗೋಡೆಗೆ ಉಜ್ಜುತ್ತಿತ್ತು. ಬ್ರಾಕೆಟ್ ಕೆಳಗೆ ತಗಡಿನ ಪ್ಯಾಕಿಂಗ್ ಕೊಟ್ಟ ಮೇಲೆ ಸರಿ ಹೋಯಿತು. ಎಣ್ಣೆ ಹನಿ ಕಡಿಮೆ ಮಾಡಿದ್ದೇನೆ, ಸಂಜೆ ಪುಲ್ಲಿಯನ್ನು ಒಣ ಬಟ್ಟೆಯಲ್ಲಿ ಒರೆಸುತ್ತೇನೆ. ಕೆಲಸ ಮುಗಿದ ಮೇಲೆ ಲಿವರ್ ಸಡಿಲ ಬಿಡುತ್ತೇನೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ತುರ್ತಿಗೆ ನಾವೇ ಜೋಡಿಸಿಕೊಳ್ಳಲು ಆಗುವುದಿಲ್ಲ ಅನ್ನುವುದಕ್ಕೆ ಒಂದು ಕಳೆದೆ. ಹತ್ತಿರದಲ್ಲಿ ಪ್ರೆಸ್ ಇರುವ ಅಂಗಡಿ ಇಲ್ಲದಿದ್ದರೆ ಫಾಸ್ನರ್ ಪಟ್ಟಾನೇ ಇಟ್ಟುಕೊಳ್ಳಿ. ನಮ್ಮ ಹಳೇ ಪಟ್ಟಾ ಬಿಸಾಡಿಲ್ಲ. ಜಾಬ್ ಹಿಡಿಯುವ ಚಕ್ ಬಿಚ್ಚುವಾಗ ಬೆಡ್ ಮೇಲೆ ಹಾಸಲು ಅದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ.