ಕಾಡಿನ ತರಗತಿಯೋ, ರಜೆ ಶಿಬಿರವೋ, ಪ್ರಕೃತಿ ನಡಿಗೆಯೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ವಾರಕ್ಕೊಮ್ಮೆ ನಡೆಯುವ ಕಾಡಿನ ತರಗತಿಗೆ. ಏಳು ವರ್ಷದ ಮಗಳನ್ನು ಮೂರು ಥರದ ಕಾರ್ಯಕ್ರಮಗಳಿಗೆ ಕಳಿಸಿ ನೋಡಿದ್ದೇವೆ. ರಜೆಯ ಸಾಹಸ ಶಿಬಿರ, ಸಸ್ಯೋದ್ಯಾನದಲ್ಲಿ ಗೈಡ್ ಜೊತೆ ಪ್ರಕೃತಿ ನಡಿಗೆ, ಆಮೇಲೆ ಈ ತರಗತಿ. ಮೂರರಲ್ಲೂ ಹೇಳಿಕೊಡುವವರು ಒಳ್ಳೆಯವರೇ. ಆದರೆ ಮಗು ತನಗೆ ಬೇಕಾದದ್ದನ್ನು ಬೇಕಾದಷ್ಟು ಹೊತ್ತು ನೋಡಲು ಬಿಡುವುದು ಒಂದೇ ಕಡೆ.

ಶಿಬಿರದ ದೊಡ್ಡ ಕಿರಿಕಿರಿ ಸೀಟಿ. ಇಡೀ ದಿನವನ್ನು ಅರ್ಧರ್ಧ ಗಂಟೆಗೆ ಹಂಚಿಟ್ಟಿರುತ್ತಾರೆ. ಹಗ್ಗ ಹತ್ತುವುದು, ಬಾಣ ಬಿಡುವುದು, ಗುಂಪಾಟ, ಕರಕುಶಲ. ಒಂದರಲ್ಲಿ ಮನಸ್ಸು ಕೂರುವಷ್ಟರಲ್ಲಿ ಸೀಟಿ ಊದುತ್ತಾರೆ. ಕೊನೆಯ ದಿನ ಪೋಷಕರನ್ನೂ ಕರೆದಿದ್ದರು. ನಾನು ಹೋದಾಗ ಮಗಳು ಒಂದು ಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಇರುವೆಗಳು ಚಿಟ್ಟೆಯ ಒಂದು ರೆಕ್ಕೆಯನ್ನು ಎಳೆದು ತಂದು ತೊಗಟೆಯ ಬಿರುಕಿನೊಳಗೆ ತೂರಿಸಲು ಹೆಣಗುತ್ತಿದ್ದವು. ಅಡ್ಡಡ್ಡ ತಳ್ಳಿದರೆ ಹೋಗುತ್ತಿರಲಿಲ್ಲ. ಹಿಂದಕ್ಕೆಳೆದು, ಸ್ವಲ್ಪ ತಿರುಗಿಸಿ, ಮತ್ತೆ ತಳ್ಳುತ್ತಿದ್ದವು. ಇನ್ನೇನು ರೆಕ್ಕೆ ನೆಟ್ಟಗಾಗಬೇಕು, ಸೀಟಿ. ಇವಳು ಏಳಲಿಲ್ಲ. ಮತ್ತೊಂದು ಸೀಟಿ. ಅಷ್ಟರಲ್ಲಿ ಫೋಟೋ ತೆಗೆಯುವವರು ಬಂದು "ಪುಟ್ಟಿ, ಸ್ವಲ್ಪ ಇಲ್ಲಿ ನೋಡಮ್ಮಾ" ಅಂದರು. ಎದ್ದುಬಿಟ್ಟಳು.

ಮುಂದಿನ ರಜೆಯಲ್ಲಿ ಬೇರೆಯವರ ಶಿಬಿರಕ್ಕೆ ಕಳಿಸಿದೆವು. ಅಲ್ಲೂ ಅದೇ ಕಥೆ. ಎಷ್ಟು ಚಟುವಟಿಕೆ ಮಾಡಿಸಿದೆವು ಅನ್ನುವುದೇ ಅವರಿಗೆ ಮುಖ್ಯ. ಪೋಷಕರು ಕೇಳುವುದೂ ಅದನ್ನೇ ಅಲ್ವಾ?

ಇನ್ನೊಂದು ವಿಷಯ. ಹೆಸರಿಗೆ ಹೊರಾಂಗಣ ಶಿಬಿರ. ಆದರೆ ಕರಕುಶಲ, ಸ್ಲೈಡ್ ಶೋ, ಮಧ್ಯಾಹ್ನದ ವಿಶ್ರಾಂತಿ ಎಲ್ಲ ಹಾಲ್‌ನಲ್ಲೇ. ನನಗಿದು ಸಣ್ಣ ಮಾತಲ್ಲ. ನನಗೂ ನಮ್ಮ ಮನೆಯವರಿಗೂ ಚಿಕ್ಕಂದಿನಿಂದ ದಪ್ಪ ಕನ್ನಡಕ. ಚೀನಾದ ಗುವಾಂಗ್‌ಝೌನಲ್ಲಿ 12 ಶಾಲೆಗಳ ಒಂದನೇ ತರಗತಿ ಮಕ್ಕಳನ್ನು ಮೂರು ವರ್ಷ ಗಮನಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಶಾಲೆಯಲ್ಲಿ ದಿನಾ 40 ನಿಮಿಷ ಜಾಸ್ತಿ ಹೊರಗಿದ್ದ ಮಕ್ಕಳಲ್ಲಿ ಶೇ. 30ರಷ್ಟು ಮಂದಿಗೆ ಸಮೀಪದೃಷ್ಟಿ, ಅಂದರೆ ದೂರದ್ದು ಮಸುಕಾಗಿ ಕಾಣುವ ತೊಂದರೆ, ಬಂತು. ಉಳಿದವರಲ್ಲಿ ಅದು ಶೇ. 40ರ ಹತ್ತಿರ ಇತ್ತು. ಒಳ್ಳೆ ಬೆಳಕಿಗೆ ಕಣ್ಣಿನ ರೆಟಿನಾದಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ಬಿಡುಗಡೆಯಾಗಿ, ಸಮೀಪದೃಷ್ಟಿಗೆ ಕಾರಣವಾಗುವಂತೆ ಕಣ್ಣುಗುಡ್ಡೆ ಉದ್ದಕ್ಕೆ ಬೆಳೆಯುವುದು ನಿಧಾನವಾಗುತ್ತದೆ ಅನ್ನುವುದು ತಜ್ಞರು ಹೆಚ್ಚಾಗಿ ಕೊಡುವ ವಿವರಣೆ. ಮನೆಯೊಳಗೆ ಸಾಮಾನ್ಯವಾಗಿ ಕೆಲವು ನೂರು ಲಕ್ಸ್ ಬೆಳಕಿದ್ದರೆ, ಹೊರಗೆ ಮೋಡ ಕವಿದ ಹಗಲಲ್ಲೂ ಸಾವಿರಾರು ಲಕ್ಸ್ ಇರುತ್ತದೆ. ಹಾಲ್‌ನಲ್ಲಿ ಕೂರಿಸಿ ಹುಲಿಯ ಚಿತ್ರ ತೋರಿಸಿದರೆ ಇದು ಸಿಗುವುದಿಲ್ಲ.

ಪ್ರಕೃತಿ ನಡಿಗೆ ಅಗ್ಗ. ಗೈಡ್‌ಗೆ ಗಿಡಗಳ ಬಗ್ಗೆ ತುಂಬಾ ಗೊತ್ತಿತ್ತು. ಆದರೆ ಏನನ್ನೂ ಮುಟ್ಟುವಂತಿಲ್ಲ, ಸಾಲು ಬಿಟ್ಟು ಹೋಗುವಂತಿಲ್ಲ. ಸ್ವಲ್ಪ ದೊಡ್ಡ ಮಕ್ಕಳಿಗೆ ಸರಿ.

ಕಾಡಿನ ತರಗತಿಯ ಜೀವಾಳ ಅಂದರೆ ಪ್ರತಿ ವಾರ ಅದೇ ತೋಪಿಗೆ ಹೋಗುವುದು, ಮಳೆ ಬಂದರೂ ಹೋಗುವುದು. ಡೆನ್ಮಾರ್ಕ್‌ನ ಶಿಶುವಿಹಾರಗಳಲ್ಲಿ ಇಂಥದ್ದು ನಡೆಯುವುದನ್ನು 1993ರಲ್ಲಿ ಇಂಗ್ಲೆಂಡಿನ ಬ್ರಿಡ್ಜ್‌ವಾಟರ್ ಕಾಲೇಜಿನವರು ನೋಡಿ ಬಂದು ತಮ್ಮಲ್ಲೂ ಶುರು ಮಾಡಿದರು. ಅಲ್ಲಿಂದ ಇದು ಬೇರೆ ಕಡೆಗೂ ಹರಡಿತು. ನಮ್ಮ ಮಗಳಿಗೆ ಆ ತೋಪಿನಲ್ಲಿ ಉರುಳಿಬಿದ್ದ ಒಂದು ದಿಮ್ಮಿ ಇದೆ. ಮಳೆ ಬಿದ್ದ ವಾರ ಅದರ ಮೇಲೆ ಅಣಬೆ ಏಳುತ್ತವೆ. ಬದಿಯ ಸಡಿಲ ತೊಗಟೆ ಎತ್ತಿದರೆ ಸಹಸ್ರಪದಿಗಳು ಸುರುಳಿ ಸುತ್ತಿಕೊಳ್ಳುತ್ತವೆ. ನೋಡಿ, ಮತ್ತೆ ಹಾಗೇ ಮುಚ್ಚಿಡಬೇಕು. ಮೊದಮೊದಲು ಗಟ್ಟಿ ಇದ್ದ ಮರ ಈಗ ಬೆರಳಿಗೆ ಪುಡಿಯಾಗುತ್ತದೆ. ಯಾರೂ ಪಾಠ ಮಾಡದೆ "ಅಮ್ಮಾ, ಮರ ಮಣ್ಣಾಗ್ತಿದೆ" ಅಂತ ಅವಳೇ ಬಂದು ಹೇಳಿದಳು.

ಇದರಲ್ಲೂ ತೊಂದರೆ ಇದೆ. ಕೆಸರು, ಒಗೆಯುವ ಬಟ್ಟೆಯ ರಾಶಿ, ಒಣಗದ ಶೂ. ಇನ್ನೊಂದು ಜೊತೆ ಹಳೇ ಶೂ ಇಟ್ಟುಕೊಂಡ ಮೇಲೆ ಸಲೀಸಾಯಿತು. ಕೆಸರಿನ ಬಗ್ಗೆ ನನಗೆ ಭಯವಿಲ್ಲ. ಫಿನ್ಲೆಂಡಿನಲ್ಲಿ ಡೇಕೇರ್ ಅಂಗಳಗಳಿಗೆ ಕಾಡಿನ ನೆಲದ ಮಣ್ಣು, ಗಿಡ ತಂದು ಹಾಕಿದಾಗ, 28 ದಿನಗಳಲ್ಲೇ ಮಕ್ಕಳ ಚರ್ಮದ ಮೇಲಿನ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತ್ತು ಅಂತ 2020ರ ಅಧ್ಯಯನ ಹೇಳುತ್ತದೆ. ರೋಗನಿರೋಧಕ ವ್ಯವಸ್ಥೆಯಲ್ಲೂ ಒಳ್ಳೆಯ ಬದಲಾವಣೆ ಕಂಡಿತ್ತು.

ಫೀಸು ಒಟ್ಟಿಗೆ ಲೆಕ್ಕ ಹಾಕಿದರೆ ಒಂದು ಶಿಬಿರಕ್ಕಿಂತ ಜಾಸ್ತಿ. ಆದರೆ ಕಂತಿನಲ್ಲಿ ಕಟ್ಟಬಹುದು, ವಾರಕ್ಕೊಂದು ಬೆಳಿಗ್ಗೆ ಬಿಡುವು ಮಾಡಿಕೊಳ್ಳುವುದು ನಮಗೆ ಕಷ್ಟವೇನಲ್ಲ. ರಜೆಯಲ್ಲಿ ಇಡೀ ದಿನ ಮಗುವನ್ನು ನೋಡಿಕೊಳ್ಳುವವರು ಬೇಕು ಅನ್ನುವವರಿಗೆ ಶಿಬಿರವೇ ಅನುಕೂಲ, ಅದನ್ನು ಒಪ್ಪುತ್ತೇನೆ. ಎಲ್ಲಿಗೇ ಸೇರಿಸಿ, ಮೊದಲು ಎರಡು ಪ್ರಶ್ನೆ ಕೇಳಿ. ಮಳೆ ಬಂದರೆ ಏನು ಮಾಡುತ್ತೀರಿ? ಮಗು ಒಂದೇ ಕಡೆ ಕೂತು ನೋಡುತ್ತಿದ್ದರೆ ಏನು ಮಾಡುತ್ತೀರಿ? "ಹಾಲ್‌ನಲ್ಲಿ ಆಡಿಸ್ತೀವಿ, ಮುಂದಿನ ಚಟುವಟಿಕೆಗೆ ಕರ್ಕೊಂಡು ಹೋಗ್ತೀವಿ" ಅಂದರೆ ನಾನಂತೂ ಸೇರಿಸುವುದಿಲ್ಲ.